ಮಕ್ಕಳನ್ನು ಕರ್ಕೊಂಡು ಮಂಗಳೂರಿಗೆ ಬರ್ತೀವಿ, ಯಾವ ಬೀಚ್ ಸೇಫ್?

ಪ್ರಶ್ನೆ: ಡಿಸೆಂಬರ್ ರಜೇಲಿ ಬೆಂಗಳೂರಿಂದ ಮಂಗಳೂರಿಗೆ ಬರೋ ಪ್ಲಾನ್ ಇದೆ. ಹತ್ತು ವರ್ಷದ ಮಗ, ಆರು ವರ್ಷದ ಮಗಳು, ಜೊತೆಗೆ ಅತ್ತೆ ಮಾವನೂ ಇರ್ತಾರೆ. ಮೂರು ದಿನ ಇರ್ತೀವಿ. ಮಕ್ಕಳು ನೀರಲ್ಲಿ ಆಡೋಕೆ ಯಾವ ಬೀಚ್ ಸೇಫ್? ಬೀಚ್ ಬಿಟ್ಟು ಬೇರೆ ಏನಿದೆ? ಅಲ್ಲಿನ ಬಿಸಿಲು ತಡ್ಕೊಳ್ಳೋಕಾಗಲ್ಲ ಅಂತಾರಲ್ಲ, ನಿಜಾನಾ?

ಉತ್ತರ: ಸೀದಾ ಹೇಳಿಬಿಡ್ತೇನೆ. ಮಕ್ಕಳನ್ನು ನೀರಿಗೆ ಇಳಿಸ್ಲಿಕ್ಕೆ ಅಂತಾದ್ರೆ ಪಣಂಬೂರು, ಇಲ್ಲಾಂದ್ರೆ ತಣ್ಣೀರುಬಾವಿ, ಅದೂ ಲೈಫ್‌ಗಾರ್ಡ್ ಇರುವ ಜಾಗದಲ್ಲಿ, ಮೊಣಕಾಲು ಮುಳುಗುವಷ್ಟು ನೀರಲ್ಲಿ, ಒಬ್ಬರು ದೊಡ್ಡವರು ಕೈ ಹಿಡ್ಕೊಂಡು. ಸೋಮೇಶ್ವರ ನೋಡ್ಲಿಕ್ಕೆ ಮಾತ್ರ, ಇಳಿಲಿಕ್ಕೆ ಅಲ್ಲ. ಮತ್ತೆ ಬಿಸಿಲಿನ ವಿಷಯ, ಅದು ನಿಜವೇ, ಆದ್ರೆ ಅದ್ರಲ್ಲಿ ಬಿಸಿಲಿನ ತಪ್ಪು ಅರ್ಧ, ಪ್ಲಾನ್ ಮಾಡುವವರ ತಪ್ಪು ಅರ್ಧ. ಬೆಂಗಳೂರಿನವ್ರು ಬಂದವ್ರು ರೂಮಲ್ಲಿ ನಿಧಾನಕ್ಕೆ ತಿಂಡಿ ತಿಂದು, ರೆಡಿಯಾಗಿ, ಹನ್ನೊಂದು ಗಂಟೆಗೆ ಬೀಚಿಗೆ ಹೋಗಿ ನಿಲ್ತಾರೆ, ಆ ಹೊತ್ತಿಗೆ ನಮ್ಮೂರಿನ ನಾಯಿ ಸಹ ಮರಳಿನ ಮೇಲೆ ಕಾಲಿಡುವುದಿಲ್ಲ ಮಾರಾಯ್ರೆ.

ಇಲ್ಲಿ ಡಿಸೆಂಬರಲ್ಲಿ ಸಹ ಮಧ್ಯಾಹ್ನ 32, 33 ಡಿಗ್ರಿ ಇರ್ತದೆ. ನಂಬರ್ ನೋಡಿದ್ರೆ ಅಷ್ಟೇನೂ ಅಲ್ಲ ಅನ್ಸ್ತದೆ, ಬಳ್ಳಾರಿಯವರು ಕೇಳಿದ್ರೆ ನಗ್ತಾರೆ. ನಮ್ಮದು ಬಿಸಿಲಿಗಿಂತ ಸೆಕೆಯ ಸಮಸ್ಯೆ. ಗಾಳಿಯಲ್ಲಿ ಮೊದಲೇ ನೀರಿನ ಅಂಶ ತುಂಬಿರ್ತದಲ್ಲ, ಹಾಗಾಗಿ ಬೆವರು ಬರ್ತದೆ ಆದ್ರೆ ಆರುವುದಿಲ್ಲ, ಬೆವರು ಆರದೆ ಮೈ ತಂಪಾಗುವುದಿಲ್ಲ, ಒಂದು ಗಂಟೆ ತಿರುಗಿದ್ರೆ ಮಕ್ಕಳಿಗೆ ಸುಸ್ತಾಗಿ ಕಿರಿಕಿರಿ ಸುರು ಆಗ್ತದೆ, ಅತ್ತೆ ಮಾವನಿಗೆ ತಲೆ ಸುತ್ತುವುದೂ ಉಂಟು. ಸಮುದ್ರ ಮಟ್ಟದಿಂದ 900 ಮೀಟರ್ ಮೇಲೆ ಇರುವ ಬೆಂಗಳೂರಿಂದ ಒಂದೇ ರಾತ್ರೀಲಿ ಕೆಳಗಿಳಿದು ಬಂದವರಿಗೆ ಮೊದಲ ದಿನ ಇದು ಸ್ವಲ್ಪ ಜಾಸ್ತಿಯೇ ಗೊತ್ತಾಗ್ತದೆ. ಹಾಗಾಗಿ ಮೂರು ದಿನಕ್ಕೂ ಒಂದೇ ಲೆಕ್ಕ ಇಟ್ಕೊಳ್ಳಿ, ಬೆಳಿಗ್ಗೆ ಹತ್ತರ ಒಳಗೆ ಹೊರಗಿನದ್ದು ಮುಗಿಸಿ, ಹನ್ನೊಂದರಿಂದ ನಾಲ್ಕರವರೆಗೆ ಮಾಡಿನ ಅಡಿ, ಅಂದ್ರೆ ಸೂರಿನ ಒಳಗೆ, ಇರಿ, ನಾಲ್ಕರ ಮೇಲೆ ಪುನಃ ಹೊರಡಿ. ಯಾವ ಜಾಗ ಅಂತ ಆಮೇಲೆ ನೋಡುವ, ಮೊದಲು ಗಂಟೆ ನೋಡಿ.

ನಮ್ಮ ಕಡಲು ಪಶ್ಚಿಮಕ್ಕೆ, ಸೂರ್ಯ ಬೆಳಿಗ್ಗೆ ಬೆನ್ನ ಹಿಂದೆ, ಊರಿನ ಕಡೆಯಿಂದ ಬರ್ತಾನೆ. ಹಾಗಾಗಿ ತಣ್ಣೀರುಬಾವಿಯಲ್ಲಿ ಬೆಳಿಗ್ಗೆ ಏಳೂವರೆ ಎಂಟರ ಹೊತ್ತಿಗೆ ದಡದ ಮರಗಳ ನೆರಳು ಉದ್ದಕ್ಕೆ ಮರಳಿನ ಮೇಲೆ ಬಿದ್ದಿರ್ತದೆ, ಅಲೆಯೂ ಸಂಜೆಯಷ್ಟು ಇರುವುದಿಲ್ಲ, ಯಾಕಂದ್ರೆ ಹಗಲು ನೆಲ ಬಿಸಿಯಾದ ಮೇಲೆ ಕಡಲಿಂದ ಜೋರು ಗಾಳಿ ಬೀಸ್ಲಿಕ್ಕೆ ಸುರು ಆಗ್ತದೆ, ಆ ಗಾಳಿಗೆ ನೀರು ಕದಡಿದ ಹಾಗೆ ಆಗ್ತದೆ. ಮಧ್ಯಾಹ್ನ ಮೂರು ಗಂಟೆಗೆ ಹೋದ್ರೆ ಅದೇ ಸೂರ್ಯ ಎದುರಿಂದ ಸೀದಾ ಮುಖಕ್ಕೆ, ನೆರಳು ಅಂತ ಎಲ್ಲೂ ಇಲ್ಲ. ಎಲ್ಲರೂ ಸನ್‌ಸೆಟ್ ಸನ್‌ಸೆಟ್ ಅಂತ ಸಂಜೆಯೇ ಹೋಗ್ತಾರೆ, ಹೋಗಿ, ಆರೂಕಾಲರ ಆಚೀಚೆ ಮುಳುಗ್ತದೆ, ಚಂದ ಉಂಟು. ಆದ್ರೆ ಮಕ್ಕಳ ನೀರಾಟ ಬೆಳಿಗ್ಗೆಗೆ ಇಟ್ಕೊಳ್ಳಿ, ಸಂಜೆ ಬರೀ ಮರಳು, ಚರುಮುರಿ, ಗಾಳಿಪಟ ಇಷ್ಟೇ ಸಾಕು. ಒಂದು ಕಂಡೀಷನ್, ಅಷ್ಟು ಬೆಳಿಗ್ಗೆ ಲೈಫ್‌ಗಾರ್ಡ್ ಬಂದಿರದಿದ್ರೆ ಅವರು ಬರುವವರೆಗೆ ಮರಳಲ್ಲೇ ಆಡಿಸಿ.

ಈಗ ಎರಡು ಬೀಚಿನ ವ್ಯತ್ಯಾಸ. ಪಣಂಬೂರು ಅಂದ್ರೆ ನವಮಂಗಳೂರು ಬಂದರಿನ ಪಕ್ಕ, ಪೇಟೆಯಿಂದ ಉತ್ತರಕ್ಕೆ ಹತ್ತು ಹನ್ನೆರಡು ಕಿಲೋಮೀಟರ್. ಬಂದರಿಗೆ ಬರ್ಲಿಕ್ಕೆ ಕಾಯುವ ದೊಡ್ಡ ಹಡಗುಗಳು ದೂರದಲ್ಲಿ ಸಾಲಾಗಿ ನಿಂತಿರ್ತವೆ, ನಿಮ್ಮ ಮಗನಿಗೆ ಅದೇ ಒಂದು ಗಂಟೆಯ ವಿಷಯ. ಅಂಗಡಿಗಳು, ಒಂಟೆ ಸವಾರಿ, ನೀರಿನ ಆಟಗಳು, ಎಲ್ಲ ಉಂಟು, ಜೊತೆಗೆ ಭಾನುವಾರ ಸಂಜೆ ಜಾತ್ರೆಯಂಥ ಜನವೂ ಉಂಟು. ತಣ್ಣೀರುಬಾವಿ ಸ್ವಲ್ಪ ತಣ್ಣಗೆ, ಒಂದು ಬದಿ ಕಡಲು, ಇನ್ನೊಂದು ಬದಿ ಫಲ್ಗುಣಿ ಹೊಳೆ, ನಡುವಲ್ಲಿ ಉದ್ದಕ್ಕೆ ಒಂದು ಪಟ್ಟಿ ನೆಲ, ಅರಣ್ಯ ಇಲಾಖೆಯ ಟ್ರೀ ಪಾರ್ಕ್ ಸಹ ಅಲ್ಲೇ. ಅತ್ತೆ ಮಾವನನ್ನು ಪಾರ್ಕಿನ ಬೆಂಚಲ್ಲಿ ಕೂರಿಸಿ ನೀವು ಮಕ್ಕಳ ಜೊತೆ ನೀರಿಗೆ ಹೋಗಬಹುದು. ರಸ್ತೆಯಲ್ಲಿ ಹೋಗುವುದಾದ್ರೆ ಕೂಳೂರು ಸೇತುವೆ ದಾಟಿ ಸುತ್ತಿ ಬರಬೇಕು. ನನ್ನನ್ನು ಕೇಳಿದ್ರೆ ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗಿ, 1784ರಲ್ಲಿ ಟಿಪ್ಪು ಕಾಲದಲ್ಲಿ ಕಪ್ಪು ಕಲ್ಲಲ್ಲಿ ಕಟ್ಟಿದ ಕಾವಲು ಬುರುಜು ಅದು, ಚಿಕ್ಕದು, ಹತ್ತೇ ನಿಮಿಷ ಸಾಕು, ಅದ್ರ ಹತ್ರವೇ ಕಡವಿನಿಂದ ದೋಣಿ ಹತ್ತಿ ಹೊಳೆ ದಾಟಿದ್ರೆ ಆಯ್ತು, ಆಚೆ ದಡದಿಂದ ಬೀಚಿಗೆ ನಡ್ಕೊಂಡೇ ಹೋಗ್ಲಿಕ್ಕಾಗ್ತದೆ. ದೋಣಿ ಆ ದಿನ ಉಂಟಾ ಇಲ್ವಾ ಅಂತ ಮಾತ್ರ ಮೊದಲೇ ಕೇಳ್ಕೊಳ್ಳಿ.

ಸೇಫ್ ಅಂತ ಕೇಳಿದ್ದಕ್ಕೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅರಬ್ಬಿ ಸಮುದ್ರ ಡಿಸೆಂಬರಲ್ಲಿ ಮೇಲಿಂದ ಮೇಲೆ ನೋಡ್ಲಿಕ್ಕೆ ಪಾಪ ಕಾಣ್ತದೆ, ಆದ್ರೆ ದಡಕ್ಕೆ ಬಂದ ಅಲೆಯ ನೀರು ವಾಪಸ್ ಹೋಗಬೇಕಲ್ಲ, ಅದು ಎಲ್ಲ ಕಡೆಯಿಂದ ಸಮ ಹೋಗುವುದಿಲ್ಲ, ಅಡಿಯ ಮರಳಿನ ದಿಬ್ಬದಲ್ಲಿ ಎಲ್ಲಿ ತಗ್ಗು ಸಿಕ್ತದೋ ಅಲ್ಲಿಂದ ಒಂದು ತೋಡಿನ ಹಾಗೆ ಸೇರಿ ಜೋರಾಗಿ ಹೊರಗೆ ಹರೀತದೆ. ಅದನ್ನು ಕಣ್ಣಲ್ಲೇ ಗುರ್ತು ಹಿಡಿಲಿಕ್ಕಾಗ್ತದೆ, ಎರಡೂ ಬದಿ ಬಿಳಿ ನೊರೆ ಎದ್ದು ಅಲೆ ಒಡೀತಾ ಇರುವಾಗ ನಡುವಲ್ಲಿ ಒಂದು ಪಟ್ಟಿ ಮಾತ್ರ ಅಲೆಯೇ ಇಲ್ಲದೆ ಸಪಾಟಾಗಿ, ಸ್ವಲ್ಪ ಮರಳು ಕಲಸಿದ ಬಣ್ಣದಲ್ಲಿ ಇರ್ತದೆ. ಗೊತ್ತಿಲ್ಲದವರು ಎಂತ ಮಾಡ್ತಾರೆ ಅಂದ್ರೆ, ಓ ಇಲ್ಲಿ ಅಲೆ ಕಮ್ಮಿ ಉಂಟು ಮಕ್ಕಳಿಗೆ ಒಳ್ಳೆದು ಅಂತ ಸರೀ ಅಲ್ಲಿಗೇ ಇಳಿಸ್ತಾರೆ. ಅದೇ ಅಪಾಯದ ಜಾಗ. ದೊಡ್ಡವರು ಯಾರಾದ್ರೂ ಅದ್ರಲ್ಲಿ ಸಿಕ್ಕಿದ್ರೆ ದಡದ ಕಡೆಗೆ ಎದುರು ಈಜಿ ಸುಸ್ತಾಗುವುದಲ್ಲ, ದಡಕ್ಕೆ ಸಮಾನಾಂತರವಾಗಿ ಬದಿಗೆ ಈಜಿ ಆ ಪಟ್ಟಿಯಿಂದ ಹೊರಗೆ ಬರಬೇಕು, ಈಜು ಬರದಿದ್ರೆ ತೇಲಿಕೊಂಡು ಕೈ ಎತ್ತಿ ಕರೀಬೇಕು. ಲೈಫ್‌ಗಾರ್ಡ್ ವಿಸಿಲ್ ಹಾಕಿದ್ರೆ "ನಾವು ಇಷ್ಟೇ ನೀರಲ್ಲಿ ಇದ್ದೇವಲ್ಲ" ಅಂತ ವಾದ ಮಾಡ್ಬೇಡಿ, ಅವರು ಆ ನೀರನ್ನು ದಿನಾ ನೋಡುವವರು.

ಸೋಮೇಶ್ವರದಲ್ಲಿ ಯಾಕೆ ಬೇಡ ಅಂದ್ರೆ ಅಲ್ಲಿ ದಡ ಇಳಿಜಾರು, ಅಲೆ ಸರೀ ಕಾಲ ಬುಡದಲ್ಲಿ ಬಂದು ಒಡೀತದೆ, ವಾಪಸ್ ಹೋಗುವಾಗ ಪಾದದ ಅಡಿಯ ಮರಳನ್ನೇ ಎಳ್ಕೊಂಡು ಹೋಗ್ತದೆ, ಮೊಣಕಾಲು ನೀರು ಅಂತ ನಿಂತವರು ಸೊಂಟದವರೆಗೆ ಮುಳುಗಿರ್ತಾರೆ. ಅದೇ ಸೋಮನಾಥ ದೇವಸ್ಥಾನಕ್ಕೆ ಹೋಗಿ, ಅಲ್ಲಿಂದ ಕೆಳಗೆ ರುದ್ರಪಾದೆಯ ಬಂಡೆಗೆ ಅಲೆ ಬಡಿಯುವುದನ್ನು ದೂರ ನಿಂತು ನೋಡಿ, ಅದಕ್ಕಿಂತ ಒಳ್ಳೆ ಸಂಜೆ ಮಂಗಳೂರಲ್ಲಿ ಕಡಿಮೆ. ಬಂಡೆ ಮೇಲೆ ಹೋಗಿ ಸೆಲ್ಫಿ ಮಾತ್ರ ಬೇಡ, ಪಾಚಿ ಇರ್ತದೆ. ಸಸಿಹಿತ್ಲು ಅಂತ ಇನ್ನೊಂದು ಉಂಟು, ಉತ್ತರಕ್ಕೆ ಮುಲ್ಕಿಯ ಹತ್ರ, ಸರ್ಫಿಂಗ್ ಸ್ಪರ್ಧೆಗಳು ನಡೆಯುವ ಜಾಗ, ಮಗನಿಗೆ ಸರ್ಫಿಂಗ್ ಆಸೆ ಇದ್ದರೆ ಆ ಕಡೆ ಕಲಿಸುವವರು ಇದ್ದಾರೆ, ಇಲ್ಲಾಂದ್ರೆ ಬಿಡಿ.

ಬೀಚ್ ಬಿಟ್ಟು ಬೇರೆ ಎಂತ ಅಂದ್ರೆ ಮಕ್ಕಳಿರುವವರಿಗೆ ಮೊದಲು ಪಿಲಿಕುಳ, ಇದಕ್ಕೆ ಒಂದು ದಿನದ ಮುಕ್ಕಾಲು ಪಾಲು ಬೇಕು. ವಾಮಂಜೂರಿನ ಹತ್ರ 370 ಎಕರೆ ಜಾಗ, ಒಳಗೆ ಝೂ, ಕೆರೆಯಲ್ಲಿ ಬೋಟಿಂಗ್, ವಿಜ್ಞಾನ ಕೇಂದ್ರ, ತುಳುನಾಡಿನ ಹಳೆ ಗುತ್ತಿನ ಮನೆ (ಊರಿನ ದೊಡ್ಡ ಜಮೀನ್ದಾರರ ಮನೆ) ಹೇಗಿತ್ತು ಅಂತ ತೋರಿಸುವ ಮರದ ದೊಡ್ಡ ಮನೆ, ಕುಂಬಾರರು ನೇಕಾರರ ಕೆಲಸ ತೋರಿಸುವ ಕುಶಲಕರ್ಮಿ ಗ್ರಾಮ. ಸೋಮವಾರ ರಜೆ, ಇದನ್ನು ಮರೆತು ಗೇಟಿನವರೆಗೆ ಹೋಗಿ ವಾಪಸ್ ಬರುವವರು ಪ್ರತೀ ವಾರ ಇರ್ತಾರೆ. ಗೇಟ್ ತೆಗೆಯುವ ಹೊತ್ತಿಗೇ ಹೋಗಿ ಮೊದಲು ಝೂ ಮುಗಿಸಿ, ಕಾಳಿಂಗ ಸರ್ಪ ನೋಡದೆ ಬರಬೇಡಿ, ಅದ್ರ ಸಂತಾನಾಭಿವೃದ್ಧಿ ಮಾಡಿ ಹೆಸರು ಮಾಡಿದ ಝೂ ಇದು. ಹುಲಿ, ಸಿಂಹ ಎಲ್ಲ ಹತ್ತು ಗಂಟೆ ಕಳೆದ ಮೇಲೆ ನೆರಳಲ್ಲಿ ಮಲಗಿ ಬಿಡ್ತವೆ, ಅವುಗಳಿಗೆ ಇರುವ ಬುದ್ಧಿ ಟೂರಿಸ್ಟುಗಳಿಗಿಲ್ಲ. ಬಿಸಿಲು ಏರಿದ ಕೂಡ್ಲೇ ಸ್ವಾಮಿ ವಿವೇಕಾನಂದ ತಾರಾಲಯಕ್ಕೆ ನುಗ್ಗಿ, 2018ರಲ್ಲಿ ಸುರು ಆದದ್ದು, 3ಡಿ ಕನ್ನಡಕ ಹಾಕ್ಕೊಂಡು ತಲೆ ಎತ್ತಿ ಕೂತ್ರೆ ಶನಿಯ ಬಳೆ ಕೈಗೆ ಸಿಗುವಷ್ಟು ಹತ್ರ ಬರ್ತದೆ, ಸಣ್ಣವಳು ಕೈ ಚಾಚದಿದ್ರೆ ಕೇಳಿ. ಎಸಿ ಸಹ ಉಂಟು, ಆ ಹೊತ್ತಿಗೆ ಅತ್ತೆ ಮಾವನಿಗೆ ಗ್ರಹಗಳಿಗಿಂತ ಅದೇ ಖುಷಿ. ಝೂ ಒಳಗೆ ನಡಿಲಿಕ್ಕೆ ತುಂಬ ಉಂಟು, ಮೊಣಕಾಲು ನೋವಿನವರಿಗೆ ಪೂರಾ ಸುತ್ತು ಕಷ್ಟ, ಅವರನ್ನು ಕೆರೆ ಬದಿಯಲ್ಲಿ ಇರಿಸಿ.

ಇನ್ನೊಂದು ದಿನದ ಮಧ್ಯಾಹ್ನಕ್ಕೆ ಲೈಟ್‌ಹೌಸ್ ಹಿಲ್‌ನ ಸಂತ ಅಲೋಶಿಯಸ್ ಚಾಪೆಲ್. ಹೊರಗಿಂದ ನೋಡಿದ್ರೆ ಸಾದಾ ಕಟ್ಟಡ. ಒಳಗೆ ಹೋಗಿ ತಲೆ ಎತ್ತಿದ್ರೆ ಗೋಡೆ, ಕಮಾನು, ಮಾಡು ಒಂದಿಂಚೂ ಬಿಡದೆ ಚಿತ್ರ. ಆಂಟೋನಿಯೊ ಮೊಸ್ಕೆನಿ ಅಂತ ಇಟಲಿಯಿಂದ ಬಂದ ಜೆಸ್ವಿಟ್ ಬ್ರದರ್ 1899ರ ಸುಮಾರಿಗೆ ಸುರು ಮಾಡಿ ಒಂದೆರಡು ವರ್ಷದಲ್ಲಿ ಬಿಡಿಸಿದ್ದು, ಗೋಡೆಯದ್ದು ಹಸಿ ಗಾರೆಯ ಮೇಲೆ, ಮಾಡಿನದ್ದು ಕ್ಯಾನ್‌ವಾಸ್ ಮೇಲೆ. ಈ ಸೆಕೆಗೆ, ಈ ಮಳೆಗೆ, ವರ್ಷಕ್ಕೆ ಮೂರೂವರೆ ಮೀಟರ್ ಮಳೆ ಬೀಳುವ ಊರಲ್ಲಿ ಆ ಬಣ್ಣ ಉಳಿಸುವುದು ಸುಲಭ ಅಲ್ಲ, ನಂತರ ರಿಪೇರಿಯೂ ಆಗಿದೆ. ಮಕ್ಕಳಿಗೆ ಇಪ್ಪತ್ತು ನಿಮಿಷ ಸಾಕು, ದೊಡ್ಡವರಿಗೆ ಕುತ್ತಿಗೆ ನೋಯುವವರೆಗೆ ನೋಡಬಹುದು. ಕದ್ರಿ ದೇವಸ್ಥಾನ ಮಧ್ಯಾಹ್ನ ಬಾಗಿಲು ಹಾಕ್ತಾರೆ, ಅದನ್ನು ಬೆಳಿಗ್ಗೆಗೇ ಇಟ್ಕೊಳ್ಳಿ, ಅಲ್ಲಿಯ ಲೋಕೇಶ್ವರನ ಕಂಚಿನ ಮೂರ್ತಿ ಕ್ರಿ.ಶ. 968ರದ್ದು, ಆಳುಪ ರಾಜ ಕುಂದವರ್ಮನ ಕಾಲದ್ದು ಅಂತ ಪೀಠದಲ್ಲೇ ಶಾಸನ ಉಂಟು. ಮೇಲೆ ಹೋದ್ರೆ ಕದ್ರಿ ಪಾರ್ಕ್, ಮಕ್ಕಳನ್ನು ಬಿಟ್ಟುಬಿಡಿ.

ತಿನ್ನುವ ವಿಷಯ ಬರಿಲಿಕ್ಕೆ ಕೂತ್ರೆ ಬೇರೆಯೇ ಬರೀಬೇಕು. ಮಕ್ಕಳಿಗೆ ಮೀನು ಕೊಡುವುದಾದ್ರೆ ಅಂಜಲ್ ರವಾ ಫ್ರೈ ಹೇಳಿ, ನಡುವಲ್ಲಿ ಒಂದು ದಪ್ಪ ಮುಳ್ಳು, ಬಿಡಿಸ್ಲಿಕ್ಕೆ ಸುಲಭ, ರವಾ ಹಾಕಿದ್ದಕ್ಕೆ ಖಾರವೂ ಸ್ವಲ್ಪ ಕಮ್ಮಿ. ಬಂಗುಡೆ ರುಚಿ ಜಾಸ್ತಿ ಆದ್ರೆ ಮುಳ್ಳು, ಅದು ನಿಮಗೆ. ವೆಜ್‌ನವರಿಗೆ ಬೆಳಿಗ್ಗೆ ಬನ್ಸ್, ನೀರ್ ದೋಸೆ, ಸಂಜೆ ನಾಲ್ಕಕ್ಕೆ ಗೋಳಿಬಜೆ, ಎಣ್ಣೆಯಿಂದ ತೆಗೆದ ಕೂಡ್ಲೇ ಮುರಿದ್ರೆ ಒಳಗಿಂದ ಹಬೆ ಬರ್ತದಲ್ಲ, ಆವಾಗ ಕಾಯಿಚಟ್ನಿಯಲ್ಲಿ ಅದ್ದಿ ತಿನ್ನಬೇಕು, ತಣ್ಣಗಾದ್ರೆ ಅದು ರಬ್ಬರ್. ರಾತ್ರಿ ಐಡಿಯಲ್‌ನವರ ಗಡ್‌ಬಡ್, 1975ರಿಂದ ಐಸ್‌ಕ್ರೀಮ್ ಮಾಡ್ತಾ ಇದ್ದಾರೆ, ಗಡ್‌ಬಡ್ ಹುಟ್ಟಿದ್ದು ಇಲ್ಲಾ ಉಡುಪಿಯಲ್ಲಾ ಅಂತ ಜಗಳ ಇನ್ನೂ ಮುಗಿದಿಲ್ಲ, ಆರು ವರ್ಷದವಳಿಗೆ ಒಂದು ಪೂರ್ತಿ ತೆಗೀಬೇಡಿ, ಅರ್ಧ ನಿಮ್ಮ ತಲೆಗೇ ಬರ್ತದೆ. ಮತ್ತೆ ದಾರಿಯಲ್ಲಿ ಎಲ್ಲಿ ಕಂಡ್ರೂ ಬೊಂಡ, ಅಂದ್ರೆ ನಿಮ್ಮ ಎಳನೀರು, ಕುಡಿರಿ, ಜ್ಯೂಸಿಗಿಂತ ಅದು ಈ ಸೆಕೆಗೆ ಸರಿ.

ಬರುವುದು ಹೇಗೆ ಅಂತ ನೀವು ಕೇಳಲಿಲ್ಲ, ಆದ್ರೂ ಮಕ್ಕಳಿದ್ದಾರಲ್ಲ ಹಾಗೆ ಹೇಳ್ತೇನೆ. ರಾತ್ರಿ ಬಸ್ಸಲ್ಲಿ ಶಿರಾಡಿ ಘಾಟಿ ಇಳಿಯುವಾಗ ಮಕ್ಕಳು ವಾಂತಿ ಮಾಡಿದ್ರೆ ಮೊದಲ ದಿನ ಹಾಳು. ಹಗಲಿನ ರೈಲು ಸಿಕ್ಕಿದ್ರೆ ನೋಡಿ, 2021ರಿಂದ ಅದ್ರಲ್ಲಿ ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿ ಸಹ ಉಂಟು, ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗೆ 57 ಸುರಂಗ, ಮಗ ಎಣಿಸ್ತಾ ಕೂತ್ರೆ ಹಸಿವು ಸಹ ಮರೀತಾನೆ. ದಿನವಿಡೀ ಬೇಕು, ಯಾವ ದಿನ ಯಾವ ರೈಲು ಅಂತ ಟೈಮ್ ನೋಡಿ ಬುಕ್ ಮಾಡಿ, ಇಳಿಯುವುದು ಸೆಂಟ್ರಲಾ ಜಂಕ್ಷನ್ನಾ ಅಂತ ಟಿಕೆಟಲ್ಲಿ ನೋಡ್ಕೊಳ್ಳಿ, ಎರಡೂ ಬೇರೆ ಬೇರೆ ಸ್ಟೇಷನ್. ರೂಮ್ ಬೀಚ್ ಬದಿಯಲ್ಲೇ ಬೇಕು ಅಂತ ಹಠ ಬೇಡ, ಕದ್ರಿ, ಬಿಜೈ, ಹಂಪನಕಟ್ಟೆ ಈ ಕಡೆ ಮಾಡಿದ್ರೆ ಮಧ್ಯಾಹ್ನ ವಾಪಸ್ ಬಂದು ಮಲಗ್ಲಿಕ್ಕೆ ಹತ್ರ ಆಗ್ತದೆ.

ಮೂರು ದಿನದಲ್ಲಿ ಮುರುಡೇಶ್ವರ, ಉಡುಪಿ, ಸೇಂಟ್ ಮೇರೀಸ್ ದ್ವೀಪ, ಧರ್ಮಸ್ಥಳ ಎಲ್ಲ ಸೇರಿಸಿದ ಪ್ಯಾಕೇಜ್ ಯಾರಾದ್ರೂ ಕೊಟ್ಟರೆ ಕೈ ಮುಗೀರಿ. ಮುರುಡೇಶ್ವರವೇ ಹೋಗ್ಲಿಕ್ಕೆ 150 ಕಿಲೋಮೀಟರ್‌ಗಿಂತ ಮೇಲೆ. ದ್ವೀಪದ ಕಲ್ಲುಕಂಬಗಳು ಅದ್ಭುತ ಹೌದು, ಆದ್ರೆ ಅಲ್ಲಿ ನೆರಳು ಕಮ್ಮಿ, ದೋಣಿ ಹತ್ತಿ ಇಳಿಯುವುದು ವಯಸ್ಸಾದವರಿಗೆ ಕಿರಿಕಿರಿ, ಅದಕ್ಕೆ ಇನ್ನೊಮ್ಮೆ ಬನ್ನಿ. ಇದನ್ನು ಬೇರೆ ಯಾರಾದ್ರೂ ಜೂನ್ ಜುಲೈಗೆ ಪ್ಲಾನ್ ಮಾಡುವವರು ಓದ್ತಾ ಇದ್ರೆ, ಆವಾಗ ನೀರಿಗೆ ಇಳಿಯುವ ಮಾತೇ ಇಲ್ಲ, ಉಳ್ಳಾಲದ ಬದಿ ಕಡಲ್ಕೊರೆತ, ಯಾಂತ್ರಿಕ ಮೀನುಗಾರಿಕೆಗೆ ಎರಡು ತಿಂಗಳು ರಜೆ, ತಾಜಾ ಮೀನು ಸಹ ಕಷ್ಟ, ಮಳೆ ನೋಡ್ಲಿಕ್ಕೆ ಅಂತಾದ್ರೆ ಮಾತ್ರ ಬನ್ನಿ.

ನಿಮ್ಮ ಅತ್ತೆ ಮಾವನಿಗೆ ಅಂತ ಒಂದು ಬೇರೆ. ಡಿಸೆಂಬರ್ ಅಂದ್ರೆ ಯಕ್ಷಗಾನ ಮೇಳಗಳ ತಿರುಗಾಟದ ಸಮಯ, ಹರಕೆ ಹೊತ್ತ ಮನೆಯವರು ಆಡಿಸುವ ಕಟೀಲು ಮೇಳಗಳ ಬಯಲಾಟ ಊರಿನ ಸುತ್ತಮುತ್ತ ಎಲ್ಲಾದ್ರೂ ಇದ್ದೇ ಇರ್ತದೆ. ಟಿಕೆಟ್ ಇಲ್ಲ, ಆಹ್ವಾನ ಬೇಕು ಅಂತಲೂ ಇಲ್ಲ. ರೂಮಿನವರ ಹತ್ರ ಇಲ್ಲಾ ಆಟೋದವರ ಹತ್ರ "ಹತ್ರದಲ್ಲಿ ಆಟ ಎಲ್ಲುಂಟು" ಅಂತ ಕೇಳಿ, ರಾತ್ರಿ ಊಟ ಮುಗಿಸಿ ಹೋಗಿ ಒಂದೆರಡು ಗಂಟೆ ಕೂತು ಬನ್ನಿ, ಆಟ ಆಡಿಸುವ ಮನೆಯವರು ಹೆಚ್ಚಾಗಿ ಅಲ್ಲೂ ಊಟಕ್ಕೆ ಕರೀತಾರೆ. ಮಗನನ್ನು ಮಾತ್ರ ಸ್ವಲ್ಪ ಬೇಗ ಚೌಕಿಗೆ, ಅಂದ್ರೆ ಕಲಾವಿದರ ಬಣ್ಣದ ಕೋಣೆಗೆ, ಕರ್ಕೊಂಡು ಹೋಗಿ ಬಣ್ಣ ಹಚ್ಚಿ ವೇಷ ಕಟ್ಟುವುದು ತೋರಿಸಿ, ಚಪ್ಪಲಿ ಹೊರಗೆ ಬಿಟ್ಟು, ಕೇಳದೆ ಫೋಟೋ ತೆಗೀಬೇಡಿ.