ಸೂಜಿಗೆ ಮೊದಲೇ ಜ್ವರದ ಹನಿ ಹಾಕಬಹುದೇ?

ಪ್ರಶ್ನೆ: ಬಾಣಂತನಕ್ಕೆಂದು ಪಾಂಡವಪುರದ ಹತ್ತಿರದ ತವರಿಗೆ ಬಂದಿದ್ದೇನೆ. ಬರುವ ಗುರುವಾರ ಮಗುವಿಗೆ ಒಂದೂವರೆ ತಿಂಗಳ ಚುಚ್ಚುಮದ್ದು. ಜ್ವರ ಬಂದೇ ಬರುತ್ತದೆ, ಹೊರಡುವ ಮೊದಲೇ ಪ್ಯಾರಾಸಿಟಮಾಲ್ ಹನಿ ಹಾಕಿಬಿಡು ಎಂದು ಅತ್ತಿಗೆ ಹೇಳುತ್ತಾರೆ. ಹಾಕಬಹುದೇ? ಮಗುವಿನ ಅಳು ನನ್ನಿಂದ ನೋಡಲಾಗುವುದಿಲ್ಲ.

ಉತ್ತರ: ಹಾಕಬೇಡಿ. ಜ್ವರ ಬಂದರೆ, ಬಂದ ಮೇಲೆ ಕೊಡಿ.

ಸೂಜಿ ಚುಚ್ಚುವ ಕ್ಷಣದ ನೋವಿನ ಮೇಲೆ ಪ್ಯಾರಾಸಿಟಮಾಲ್‌ನ ಆಟ ನಡೆಯುವುದಿಲ್ಲ. ಅಳು ತಪ್ಪಿಸಲೆಂದು ಅದನ್ನು ಕೊಟ್ಟರೆ ಅಳು ಹಾಗೆಯೇ ಉಳಿಯುತ್ತದೆ. ಇನ್ನು ಜ್ವರದ ಮಾತು. ಜೆಕ್ ದೇಶದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಜ್ವರಕ್ಕೆ ಕಾಯದೆ ಲಸಿಕೆಯ ಜೊತೆಗೇ ಪ್ಯಾರಾಸಿಟಮಾಲ್ ಕೊಟ್ಟ ಶಿಶುಗಳಿಗೆ ಜ್ವರವೇನೋ ಕಡಿಮೆ ಬಂತು, ಆದರೆ ಹಲವು ಲಸಿಕೆಗಳಿಗೆ ದೇಹ ಸಿದ್ಧಪಡಿಸಿಕೊಂಡ ಪ್ರತಿಕಾಯಗಳ ಮಟ್ಟವೂ ಇಳಿದಿತ್ತು. ಲಸಿಕೆ ವ್ಯರ್ಥವಾಯಿತು ಎಂದು ಇದರ ಅರ್ಥವಲ್ಲ, ಈಗಾಗಲೇ ಹಾಗೆ ಕೊಟ್ಟವರು ಗಾಬರಿಯಾಗಬೇಕಿಲ್ಲ. ಬಾರದ ಜ್ವರಕ್ಕೆ ಮದ್ದು ಬೇಡ, ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆಯೂ 2015ರಲ್ಲಿ, ಲಸಿಕೆಗೆ ಮೊದಲು ಅಥವಾ ಲಸಿಕೆಯ ಹೊತ್ತಿಗೆ ನೋವಿನ ಔಷಧಿ ಕುಡಿಸುವುದನ್ನು ಶಿಫಾರಸು ಮಾಡುವುದಿಲ್ಲ ಎಂದೇ ಹೇಳಿತು.

ಅದೇ ಸಲಹೆಯಲ್ಲಿ ಆ ಸಂಸ್ಥೆ ಮುಂದಿಟ್ಟ ಉಪಾಯ ನಿಮ್ಮ ಬಳಿಯೇ ಇದೆ: ಚುಚ್ಚುವಾಗ ಮಗುವಿಗೆ ಎದೆಹಾಲು ಕುಡಿಸುವುದು. ಸೂಜಿ ಆದ ಮೇಲೆ ಸಮಾಧಾನಕ್ಕೆಂದು ಕುಡಿಸುವುದು ಎಲ್ಲ ತಾಯಂದಿರಿಗೂ ಗೊತ್ತು. ಇಲ್ಲಿ ಹೇಳುತ್ತಿರುವುದು ಚುಚ್ಚುವ ಮೊದಲೇ ಶುರು ಮಾಡಿ, ಚುಚ್ಚುವಾಗಲೂ ಬಿಡಿಸದೆ, ಆಮೇಲೂ ಮುಂದುವರಿಸುವುದನ್ನು. ಬಾಯಿಗೆ ಹಾಲಿನ ಸಿಹಿ, ಮೈಗೆ ತಾಯಿಯ ಬಿಸುಪು, ಚೀಪುವ ಕೆಲಸ, ಇವೆಲ್ಲ ಒಟ್ಟಾಗಿ ನೋವನ್ನು ತಗ್ಗಿಸುತ್ತವೆ. ಮಗು ಅಳುವುದೇ ಇಲ್ಲ ಎಂದು ನಾನು ಮಾತು ಕೊಡಲಾರೆ. ಅಳು ಬೇಗ ನಿಲ್ಲುತ್ತದೆ.

ಇದಕ್ಕೆ ನಮ್ಮ ಕಡೆ ಎರಡು ಅಡ್ಡಿಗಳಿವೆ. ಅಳುವಾಗ ಹಾಲು ನೆತ್ತಿಗೇರುತ್ತದೆ ಎನ್ನುವುದು ಒಂದು. ನೋವಾದಾಗ ಮಗು ತಾನೇ ಬಾಯಿ ಬಿಟ್ಟು ಅಳುತ್ತದೆ. ತಲೆಯನ್ನು ಸ್ವಲ್ಪ ಎತ್ತರದಲ್ಲಿಟ್ಟುಕೊಂಡಿದ್ದರೆ ಸಾಕು, ಅಳು ತಗ್ಗಿದಂತೆ ಮತ್ತೆ ಎದೆಗೆ ಹಚ್ಚಿ. ಪೋಲಿಯೊ ಹನಿ ಹಾಕಿದ ಮೇಲೆ ಅರ್ಧ ಗಂಟೆ ಹಾಲು ಕೊಡಬಾರದು ಎನ್ನುವುದು ಇನ್ನೊಂದು. ಇದು ಎಲ್ಲಿಂದ ಬಂತೋ, ಲಸಿಕೆಯ ಸಾಲಿನಲ್ಲಿ ಕುಳಿತ ಅಜ್ಜಿಯರಿಗೆಲ್ಲ ಬಾಯಿಪಾಠ. ಪೋಲಿಯೊ ಹನಿಗಾಗಲಿ, ಭೇದಿ ತಡೆಯಲು ಬಾಯಿಗೆ ಹಾಕುವ ರೋಟಾವೈರಸ್ ಲಸಿಕೆಗಾಗಲಿ ಹಿಂದೆ ಮುಂದೆ ಎದೆಹಾಲಿಗೆ ಯಾವ ನಿರ್ಬಂಧವೂ ಇಲ್ಲ. ಹಾಗಾಗಿ ಹನಿಗಳನ್ನು ಮೊದಲು ಹಾಕಲು ಸಿಸ್ಟರ್‌ಗೆ ಕೇಳಿ, ಕೂಡಲೇ ಹಾಲು ಕುಡಿಸಲು ಕುಳಿತುಬಿಡಿ. ಅಂಗನವಾಡಿಯ ಆ ಗದ್ದಲದಲ್ಲಿ ಸಂಕೋಚವಾದರೆ ಆಶಾ ಕಾರ್ಯಕರ್ತೆಗೆ ಹೇಳಿ, ಒಂದು ಮೂಲೆ ಮಾಡಿಕೊಡುತ್ತಾರೆ.

ಎರಡೂ ತೊಡೆ ಮತ್ತು ಬಲತೋಳು ಸಿಸ್ಟರ್ ಕೈಗೆ ಸುಲಭವಾಗಿ ಸಿಗುವಂತೆ ಮಗುವಿಗೆ ಸಡಿಲ ಜಬಲಾ ಹಾಕಿ. ಆರನೇ ವಾರದಲ್ಲಿ ಸೂಜಿಗಳು ಮೂರು: ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ ಮತ್ತು ಹಿಬ್ ಎಂಬ ಬ್ಯಾಕ್ಟೀರಿಯಾದ ಸೋಂಕನ್ನು ತಡೆಯುವ ಪೆಂಟಾವೇಲೆಂಟ್ ಎಡತೊಡೆಗೆ, ನ್ಯುಮೋನಿಯಾ ತಡೆಯುವ ಪಿಸಿವಿ ಬಲತೊಡೆಗೆ, ಪೋಲಿಯೊ ಚುಚ್ಚುಮದ್ದು ಬಲತೋಳಿನ ಚರ್ಮದೊಳಕ್ಕೆ. ಮೂರು ಎಂದು ಮೊದಲೇ ತಿಳಿದಿದ್ದರೆ ಒಂದಾದ ಮೇಲೆ ಇನ್ನೊಂದು ಬಂದಾಗ ಎದೆ ಝಲ್ಲೆನ್ನುವುದಿಲ್ಲ. ಮಗುವನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ ಕೈಕಾಲು ಒತ್ತಿ ಹಿಡಿಯುವುದಕ್ಕಿಂತ ಮಡಿಲಲ್ಲಿ ಅವುಚಿಕೊಳ್ಳುವುದು ಎಷ್ಟೋ ಮೇಲು. ಎದೆಹಾಲು ಕುಡಿಯದ ಮಗುವನ್ನು ಅಪ್ಪನೇ ಎದೆಗೊತ್ತಿಕೊಂಡು ಕೂರಬಹುದು. ಸಮಾಧಾನಕ್ಕೆಂದು ಜೇನುತುಪ್ಪ ನೆಕ್ಕಿಸಬೇಡಿ. ಒಂದು ವರ್ಷ ತುಂಬುವವರೆಗೆ ಅದು ಅಪಾಯ.

ಲಸಿಕೆ ಆದ ಮೇಲೆ ಅರ್ಧ ಗಂಟೆ ಅಲ್ಲೇ ಇರಿ. ತೀವ್ರ ಅಲರ್ಜಿ ಬಹಳ ಅಪರೂಪ, ಬಂದರೆ ಸಾಮಾನ್ಯವಾಗಿ ಆ ಅವಧಿಯಲ್ಲೇ ಬರುತ್ತದೆ.

ಮನೆಗೆ ಬಂದ ಮೇಲೆ ಸಂಜೆಯ ಹೊತ್ತಿಗೆ ಮೈ ಬಿಸಿಯಾಗಬಹುದು, ತೊಡೆ ಕೆಂಪಾಗಿ ಊದಬಹುದು, ಮಗು ರಚ್ಚೆ ಹಿಡಿಯಬಹುದು. ಪೆಂಟಾವೇಲೆಂಟ್‌ನಲ್ಲಿರುವ ನಾಯಿಕೆಮ್ಮಿನ ಅಂಶ ಇದಕ್ಕೆ ಮುಖ್ಯ ಕಾರಣ. ಹೆಚ್ಚೆಂದರೆ ಎರಡು ದಿನ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿ, 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದರೆ ಈಗ ಆ ಹನಿಗೆ ಕೆಲಸ. ಪ್ರಮಾಣ ಮಗುವಿನ ತೂಕದ ಮೇಲೆ: ಒಂದು ಕಿಲೋಗೆ 10ರಿಂದ 15 ಮಿಲಿಗ್ರಾಂ, ಎರಡು ಸರದಿಗಳ ನಡುವೆ ಕನಿಷ್ಠ ಆರು ಗಂಟೆ. ನನಗೆ ನಿಜವಾಗಿ ಭಯವಿರುವುದು ಬಾಟಲಿಯ ವಿಷಯದಲ್ಲಿ. ಹನಿಯ ಸಣ್ಣ ಬಾಟಲಿಯಲ್ಲಿ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 100 ಮಿಲಿಗ್ರಾಂ ಔಷಧಿ ಇರುತ್ತದೆ. 125ರ ಸಿರಪ್‌ನಲ್ಲಿ, ಅಂದರೆ ಐದು ಮಿಲಿಲೀಟರಿಗೆ 125 ಮಿಲಿಗ್ರಾಂ ಇರುವುದರಲ್ಲಿ, ಒಂದು ಮಿಲಿಲೀಟರಿಗೆ ಬರೀ 25. ನಾಲ್ಕು ಕಿಲೋ ಮಗುವಿಗೆ 50 ಮಿಲಿಗ್ರಾಂ ಎಂದರೆ ಹನಿಯಲ್ಲಿ ಅರ್ಧ ಮಿಲಿಲೀಟರ್, ಆ ಸಿರಪ್‌ನಲ್ಲಿ ಎರಡು. ಅಕ್ಕನ ಮಗುವಿಗೆ ತಂದಿದ್ದ ಸಿರಪ್‌ನ ಅಳತೆಯಲ್ಲಿ ಹನಿ ಹಾಕಿದರೆ ನಾಲ್ಕು ಪಟ್ಟು ಹೋಗುತ್ತದೆ. ನಿಮ್ಮಲ್ಲಿರುವ ಬಾಟಲಿಯನ್ನೇ ಗುರುವಾರ ಜೊತೆಗೆ ಒಯ್ಯಿರಿ, ಮಗುವನ್ನು ತೂಗಿಸಿ, ಎಷ್ಟು ಎಂದು ತಾಯಿ ಕಾರ್ಡಿನ ಮೇಲೆಯೇ ಬರೆಸಿಕೊಳ್ಳಿ.

ಜ್ವರವಿರುವ ಮಗುವಿಗೆ ಕುಲಾವಿ, ಸ್ವೆಟರ್, ಮೇಲೊಂದು ಹೊದಿಕೆ ಎಂದು ಸುತ್ತಬೇಡಿ. ತೆಳುವಾದ ಬಟ್ಟೆ, ಪದೇ ಪದೇ ಹಾಲು. ಬೆಚ್ಚಗಿನ ನೀರಿನ ಸ್ನಾನ ಆದೀತು. ಆದರೆ ಎಣ್ಣೆ ಹಚ್ಚಿ ಕಾಲು ನೀವಿ ನೀರು ಹಾಕುವ ಅಜ್ಜಿಗೆ, ಸೂಜಿ ಹಾಕಿದ ತೊಡೆಗಳನ್ನು ಒಂದೆರಡು ದಿನ ಮುಟ್ಟದಂತೆ ಮೊದಲೇ ಹೇಳಿಬಿಡಿ. ಶಾಖವೂ ಬೇಡ. ತಣ್ಣೀರಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆ ಇಟ್ಟರೆ ಊತಕ್ಕೆ ಹಿತ.

ಮೂರು ಗಂಟೆಗೂ ಹೆಚ್ಚು ಹೊತ್ತು ಸಮಾಧಾನವೇ ಆಗದ ಅಳು, ಫಿಟ್ಸ್, ಮೈ ಬಿಳಿಚಿಕೊಂಡು ಜೋಲುವುದು, ಹಾಲು ಬಿಡುವುದು, ಉಸಿರು ಏರುವುದು, ಎರಡು ದಿನ ದಾಟಿದ ಜ್ವರ: ಇವುಗಳಲ್ಲಿ ಯಾವುದು ಕಂಡರೂ ಕಾಯದೆ ಆಸ್ಪತ್ರೆಗೆ ಹೋಗಿ, ರಾತ್ರಿಯಾದರೆ 108ಕ್ಕೆ ಕರೆ ಮಾಡಿ. ಇಷ್ಟು ಎಳೆಯ ಮಗುವಿಗೆ ಲಸಿಕೆಗೆ ಮೊದಲೇ ಜ್ವರವಿದ್ದರೂ ವೈದ್ಯರು ನೋಡಲೇಬೇಕು. ಬರೀ ನೆಗಡಿಯಾದರೆ ಲಸಿಕೆ ಮುಂದೂಡಬೇಕಿಲ್ಲ.

ಮೈಸೂರಿನ ಖಾಸಗಿ ಆಸ್ಪತ್ರೆಗಳಲ್ಲಿ ಸಿಗುವ ‘ನೋವಿಲ್ಲದ ಇಂಜೆಕ್ಷನ್’ ಬಗ್ಗೆಯೂ ಯಾರಾದರೂ ಹೇಳಿಯೇ ಇರುತ್ತಾರೆ. ಅದು ನಾಯಿಕೆಮ್ಮಿನ ಅಂಶ ಬೇರೆ ಬಗೆಯದಾಗಿರುವ ಲಸಿಕೆ, ಅದರ ಸೂಜಿಯೂ ಚುಚ್ಚುತ್ತದೆ. ಆಮೇಲಿನ ಜ್ವರ, ಊತ ಕಡಿಮೆ ನಿಜ, ಆದರೆ ನಾಯಿಕೆಮ್ಮಿನಿಂದ ಅದು ಕೊಡುವ ರಕ್ಷಣೆ ಬೇಗ ಕರಗುತ್ತದೆ. ಸರ್ಕಾರಿ ಲಸಿಕೆಯನ್ನು ಕಡಿಮೆ ದರ್ಜೆಯದೆಂದು ಭಾವಿಸಬೇಡಿ.

ಹತ್ತನೇ ವಾರದಲ್ಲಿ ಪೆಂಟಾವೇಲೆಂಟ್ ಒಂದೇ ಸೂಜಿ, ಉಳಿದದ್ದು ಹನಿ. ಹದಿನಾಲ್ಕನೆಯ ವಾರಕ್ಕೆ ಮತ್ತೆ ಮೂರು. ನಮ್ಮಲ್ಲಿ ಬಾಣಂತಿ ತವರಿನಿಂದ ಗಂಡನ ಮನೆಗೆ ಹೊರಡುವುದು ಹೆಚ್ಚುಕಡಿಮೆ ಆ ಹೊತ್ತಿಗೇ, ಒಳ್ಳೆಯ ದಿನ ನೋಡುವುದರಲ್ಲಿ ಲಸಿಕೆಯ ದಿನ ಕಳೆದುಹೋಗಿರುತ್ತದೆ. ತಾಯಿ ಕಾರ್ಡ್ ಕೈಯಲ್ಲಿದ್ದರೆ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಹಾಕುತ್ತಾರೆ. ತಡವಾದರೂ ಮೊದಲಿಂದ ಶುರು ಮಾಡಬೇಕಿಲ್ಲ, ನಿಲ್ಲಿಸಿದಲ್ಲಿಂದ ಮುಂದುವರಿಸುತ್ತಾರೆ.