ಹಳೆ ಗಾಡಿಗೆ ಹಿಡಿಕೆ ಹಾಕಿಸೋ ಮುಂಚೆ

ಕಲಬುರಗಿಯಲ್ಲಿ ಹಳೆ ಗಾಡಿ ಇಟ್ಟುಕೊಂಡವರಿಗೆ ಡಬಲ್ ಸ್ಟ್ಯಾಂಡ್ ಬೇಕೇ ಬೇಕು. ಮೇ ತಿಂಗಳ ಬಿಸಿಲಿಗೆ ಡಾಂಬರು ಮೆತ್ತಗಾಗಿ ಸೈಡ್ ಸ್ಟ್ಯಾಂಡ್ ಒಳಗಿಳಿಯುತ್ತದೆ. ಮಳೆಗಾಲದ ಕರಿ ಮಣ್ಣಿನಲ್ಲಂತೂ ಹೇಳೋದೇ ಬೇಡ. ಆದರೆ ಡಬಲ್ ಸ್ಟ್ಯಾಂಡ್ ಹಾಕುವಾಗ ಬಲಗೈಯಲ್ಲಿ ಏನು ಹಿಡಿಯಬೇಕು ಅಂತ ಗೊತ್ತಾಗದೆ ಜನ ಸಿಕ್ಕಿದ್ದನ್ನು ಹಿಡಿದು ಎಳೆಯುತ್ತಾರೆ. ಜಾಸ್ತಿ ಏಟು ಬೀಳೋದು ಸಾರಿಗಾರ್ಡಿಗೆ. ಅದು ತೆಳು ಸರಳು, ಸೀರೆ ಗಾಲಿಗೆ ಸಿಗದಿರಲಿ ಅಂತ ಇರುವಂಥದ್ದು. ದಿನಾ ಎಳೆದರೆ ಸೊಟ್ಟಗಾಗಿ, ಒಂದು ತುದಿ ಸ್ಪೋಕ್ ಹತ್ತಿರ ಬಂದು ನಿಲ್ಲುತ್ತದೆ. ಓಡುವ ಗಾಡಿಯಲ್ಲಿ ಅದು ಸ್ಪೋಕಿಗೆ ಸಿಕ್ಕರೆ ಗತಿ ಏನು?

ಹಾಗಾಗಿ ಎಡಗಡೆ ಒಂದು ಗಟ್ಟಿ ಹಿಡಿಕೆ ಹಾಕಿಸಿಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಹಳೆ ಬುಲೆಟ್‌ಗಳಲ್ಲಿ ಸೀಟಿನ ಕೆಳಗೆ ಎಡಕ್ಕೆ ಕಂಪನಿಯದ್ದೇ ಹಿಡಿಕೆ ಇರುತ್ತಿತ್ತು. 160 ಕಿಲೋ ದಾಟುವ ಗಾಡಿ, ಬೇಕೇ ಬೇಕಲ್ವಾ. ಯೆಜ್ಡಿಯಂಥ ಗಾಡಿಗೆ ನಾವೇ ಮಾಡಿ ಕೂರಿಸಬೇಕು.

ಅದಕ್ಕೂ ಮೊದಲು ಸ್ಟ್ಯಾಂಡ್ ನೋಡಬೇಕು. ನಿವೃತ್ತ ಮಾಸ್ತರರೊಬ್ಬರು ತಮ್ಮ ಯೆಜ್ಡಿ ತಂದು, "ತಮ್ಮಾ, ಸ್ಟ್ಯಾಂಡ್ ಹಾಕ್ಬೇಕಂದ್ರ ಸೊಂಟ ಹಿಡಿಲತ್ತದ. ಗಾಡಿ ಮಾರಿಬಿಡ್ಲೇನು?" ಅಂದರು. ನೋಡಿದರೆ ಸ್ಟ್ಯಾಂಡ್ ತಿರುಗುವ ಕೀಲಿನೊಳಗಿನ ಬುಷ್ ಸವೆದು, ಒಂದು ಕಾಲು ಮೊದಲು ನೆಲ ಮುಟ್ಟಿ ಇನ್ನೊಂದು ಮೇಲೇ ಇರುತ್ತಿತ್ತು. ಹಿಂದಿನ ಗಾಲಿಯಲ್ಲಿ ಗಾಳಿಯೂ ಕಡಿಮೆ. ಗಾಳಿ ಇಳಿದರೆ, ಶಾಕಪ್ (ಶಾಕ್ ಅಬ್ಸಾರ್ಬರ್) ಕುಸಿದರೆ ಗಾಡಿ ಕೆಳಗೆ ಕೂರುತ್ತದೆ. ಆಗ ಸ್ಟ್ಯಾಂಡ್ ಅದನ್ನು ಅಷ್ಟು ಜಾಸ್ತಿ ಎತ್ತಬೇಕಾಗುತ್ತದೆ. ಬುಷ್ ಬದಲಿಸಿ ಗಾಳಿ ತುಂಬಿದ ಮೇಲೆ ಅವರ ಅರ್ಧ ಕಷ್ಟ ಅಲ್ಲೇ ಮುಗಿಯಿತು. ಹಿಡಿಕೆ ಬೇಕಾಗಿದ್ದು ಉಳಿದ ಅರ್ಧಕ್ಕೆ.

ಎರಡೂ ಕಾಲು ಒಟ್ಟಿಗೆ ನೆಲ ಮುಟ್ಟಿದ್ದು ಗೊತ್ತಾದ ಮೇಲೆ ಮೈಭಾರವನ್ನೆಲ್ಲ ಸ್ಟ್ಯಾಂಡಿನಿಂದ ಹೊರಗೆ ಚಾಚಿದ ಕಡ್ಡಿ ಮೇಲೆ ಹಾಕಿ ತುಳಿಯಬೇಕು. ಗಾಡಿ ಏರೋದು ಆ ತುಳಿತಕ್ಕೆ. ಬಲಗೈ ಅದನ್ನು ಮೇಲಕ್ಕೆ, ಸ್ವಲ್ಪ ಹಿಂದಕ್ಕೆ ಕರೆದೊಯ್ದರೆ ಸಾಕು. ಕೈಯಿಂದಲೇ ಎತ್ತಲು ಹೋದವರ ಸೊಂಟ ಹಿಡಿಯುತ್ತದೆ.

ಹಿಡಿಕೆಯ ಜಾಗ ಇದರಿಂದಲೇ ತೀರ್ಮಾನ ಆಗುತ್ತದೆ. ಎಡಗೈ ಹ್ಯಾಂಡಲ್ ಮೇಲೆ, ಬಲಗಾಲು ಕಡ್ಡಿ ಮೇಲೆ ಇಟ್ಟು ನಿಂತಾಗ ಬಲಗೈ ಸಹಜವಾಗಿ ಎಲ್ಲಿಗೆ ಬರುತ್ತದೋ ಅಲ್ಲೇ ಹಿಡಿಕೆ ಇರಬೇಕು. ಸಾಮಾನ್ಯವಾಗಿ ಅದು ಸೀಟಿನ ಅಂಚಿನ ಕೆಳಗೆ, ಶಾಕಪ್ ಮೇಲಿನ ಬೋಲ್ಟಿನ ಆಸುಪಾಸು. ಟೇಲ್ ಲ್ಯಾಂಪ್ ಹತ್ತಿರ ಹಾಕಿಸಿದರೆ ಮೈ ಅಡ್ಡ ಎಳೆದಂತಾಗುತ್ತದೆ. ಗಾಡಿ ಮಾಲೀಕರನ್ನೇ ನಿಲ್ಲಿಸಿ ಸೀಮೆಸುಣ್ಣದ ಗುರುತು ಹಾಕಿಕೊಳ್ಳುವುದು ನನ್ನ ರೂಢಿ. ಎತ್ತರದವರಿಗೂ ಕುಳ್ಳಗಿರುವವರಿಗೂ ಒಂದೇ ಜಾಗ ಆಗಲ್ಲ.

ಶಾಕಪ್ ಮೇಲಿನ ಸ್ಟಡ್ಡಿಗೆ, ಅಂದರೆ ತಲೆಯಿಲ್ಲದ ಆ ಬೋಲ್ಟಿಗೆ, ಹಿಡಿಕೆಯ ಪಟ್ಟಿ ಸೇರಿಸೋದು ಎಲ್ಲರೂ ಮಾಡುವ ಕೆಲಸ. ಅಲ್ಲೇ ಅವಸರ ಮಾಡಬಾರದು. 5 ಎಂಎಂ ದಪ್ಪದ ಪಟ್ಟಿ ಒಳಗೆ ಹೋದರೆ ನಟ್ ಅಷ್ಟೇ ಹೊರಗೆ ಬರುತ್ತದೆ. ಸ್ಟಡ್ ಮೊದಲೇ ಗಿಡ್ಡ ಇದ್ದರೆ ನಟ್ ಎರಡೋ ಮೂರೋ ಎಳೆಗೆ ಮಾತ್ರ ಕಚ್ಚಿಕೊಂಡಿರುತ್ತದೆ. ತುದಿ ಮುಚ್ಚಿದ ಡೋಮ್ ನಟ್ ಹಾಕಿದ್ದರೆ ಇದು ಹೊರಗಿಂದ ಕಾಣುವುದೂ ಇಲ್ಲ. ಸಾದಾ ನಟ್ ಹಾಕಿ ಬಿಗಿ ಮಾಡಿ ನೋಡಿ. ಒಂದೆರಡು ಎಳೆ ಆಚೆ ಕಂಡರೆ ಸರಿ. ಇಲ್ಲದಿದ್ದರೆ ಉದ್ದದ ಸ್ಟಡ್ ಹಾಕಿಸಿ, ಇಲ್ಲಾ ಜಾಗ ಬದಲಿಸಿ. ಪಟ್ಟಿ ಶಾಕಪ್ಪಿನ ರಬ್ಬರ್ ಬುಷ್ಷನ್ನು ಅದುಮಿ ಹಿಡಿಯಲೂಬಾರದು. ಗಾಡಿ ಕುಳಿಯಲ್ಲಿ ಇಳಿದಾಗ ಶಾಕಪ್ ಅಲ್ಲಿ ಸ್ವಲ್ಪ ತಿರುಗಬೇಕು.

ಒಂದೇ ಬೋಲ್ಟಿನ ಮೇಲೆ ನಿಂತ ಹಿಡಿಕೆ ಎಳೆದಾಗ ತಿರುಗಿಬಿಡುತ್ತದೆ. ಎರಡನೇ ಬೋಲ್ಟ್ ಚಾಸಿಯಲ್ಲೇ ಇರುವ ತೂತಿಗೆ ಬರಲಿ. ಬರೀ ತಗಡಿನ ಮಡ್‌ಗಾರ್ಡಿಗೆ ಬೇಡ, ಕ್ಯಾರಿಯರಿಗೂ ಬೇಡ. ಬೋಲ್ಟ್ 8 ಎಂಎಂ, ತಲೆ ಮೇಲೆ 8.8 ಅಂತ ಗಟ್ಟಿತನದ ಗುರುತು ಇರುವಂಥದ್ದು ತನ್ನಿ. ಹಿಡಿಕೆಗೆ 16 ಎಂಎಂ ಪೈಪು, 2 ಎಂಎಂ ದಪ್ಪದ್ದು ಸಾಕು. ನಾಲ್ಕು ಬೆರಳು ಆರಾಮಾಗಿ ಕೂರಬೇಕು, ಬೆರಳು ಸೈಡ್ ಕವರಿಗೆ ತಾಗಬಾರದು, ಕೈ ಜಾರಿದರೂ ಸೈಲೆನ್ಸರ್ ಮೇಲೆ ಬೀಳಬಾರದು. ಮೇಲೆ ರಬ್ಬರ್ ತೋಳು ಹಾಕಿಸಿ. ನಮ್ಮ ಊರಿನ ಬಿಸಿಲಲ್ಲಿ ನಿಂತ ಗಾಡಿಯ ಕ್ರೋಮ್ ಮುಟ್ಟಿ ನೋಡಿದವರಿಗೆ ಯಾಕೆ ಅಂತ ಹೇಳಬೇಕಾಗಿಲ್ಲ.

"ಚಾಸಿಗೇ ವೆಲ್ಡ್ ಹೊಡೆದುಬಿಡು" ಅನ್ನುವವರಿದ್ದಾರೆ. ದಯವಿಟ್ಟು ಬೇಡ. ಹಳೆ ಚಾಸಿಯ ಪೈಪು ಒಳಗಿಂದ ತುಕ್ಕು ತಿಂದಿರಬಹುದು. ವೆಲ್ಡಿನ ಪಕ್ಕದಲ್ಲೇ ಬಿರುಕು ಶುರುವಾಗಬಹುದು, ಬಣ್ಣದ ಕೆಳಗೆ ಅದು ಕಾಣಲ್ಲ. ಹಿಡಿಕೆಯನ್ನು ಬೆಂಚಿನ ಮೇಲೆ ವೆಲ್ಡ್ ಮಾಡಿ, ಗಾಡಿಗೆ ಬೋಲ್ಟಿನಲ್ಲಿ ಕೂರಿಸಬೇಕು. ಚಾಸಿಯ ಬೇರೆ ಯಾವುದೋ ರಿಪೇರಿಗೆ ವೆಲ್ಡಿಂಗ್ ತಪ್ಪಿದ್ದಲ್ಲ ಅಂದರೆ ಪೆಟ್ರೋಲ್ ಟ್ಯಾಂಕ್ ಇಳಿಸಿ, ಬ್ಯಾಟರಿ ವೈರ್ ಬಿಚ್ಚಿ, ವೆಲ್ಡಿಂಗ್ ಮಷೀನಿನ ಅರ್ತ್ ಕ್ಲಿಪ್ ವೆಲ್ಡಿನ ಹತ್ತಿರವೇ ಹಾಕಿಸಿ.

ಹಿಡಿಕೆಗೆ ಜಾಗ ಸಾಲದು ಅಂತ ಸಾರಿಗಾರ್ಡ್ ತೆಗೆಸುವುದೂ ಬೇಡ. ಹಿಂದೆ ಕೂರುವವರ ಬಟ್ಟೆ ಸಿಗದಂತೆ ಹಿಂದಿನ ಗಾಲಿಯ ಅರ್ಧ ಭಾಗವಾದರೂ ಮುಚ್ಚಿರಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ನಿಯಮ ಬಿಡಿ, ನಮ್ಮ ಕಡೆ ಸೀರೆಯುಟ್ಟವರು ಒಂದೇ ಕಡೆ ಕಾಲು ಹಾಕಿ ಕೂರೋದು ಗಾರ್ಡ್ ಇರುವ ಆ ಎಡ ಬದಿಗೇ. ಗಾರ್ಡ್ ಹಾಗೇ ಇರಲಿ, ಹಿಡಿಕೆ ಅದರ ಮೇಲೆ ಬರಲಿ.

ಮನೆ ಅಂಗಳದಲ್ಲಿ ಶಹಾಬಾದ್ ಫರ್ಸಿ ಹಾಸಿದ್ದರೆ ಮೊದಲ ಸಲ ಅಲ್ಲಿ ಪ್ರಯತ್ನ ಮಾಡಬೇಡಿ. ಒದ್ದೆಯಾದಾಗ ಸ್ಟ್ಯಾಂಡಿನ ಕಾಲು ಸರ್ರನೆ ಜಾರುತ್ತದೆ. ಒರಟು ಸಿಮೆಂಟ್ ನೆಲದಲ್ಲಿ, ಬಲಗಡೆ ಒಬ್ಬರನ್ನು ನಿಲ್ಲಿಸಿಕೊಂಡು ಮಾಡಿ. ವಾರ ಕಳೆದ ಮೇಲೆ ಬೋಲ್ಟ್ ಮತ್ತೆ ಬಿಗಿ ಮಾಡಿಸಲೇಬೇಕು. ಪಟ್ಟಿಯ ಅಡಿಯ ಬಣ್ಣ ಅದುಮಿ ಹೋಗಿ ಸ್ವಲ್ಪ ಸಡಿಲ ಆಗಿರುತ್ತದೆ. ಆಗ ನಟ್ ಮೇಲಿಂದ ಪಟ್ಟಿಯ ತನಕ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆಯುತ್ತೇನೆ. ಗಾಡಿ ಒರೆಸುವಾಗ ಆ ಗೆರೆ ಮುರಿದಂತೆ ಕಂಡರೆ ನಟ್ ತಿರುಗಿದೆ ಅಂತ ಅರ್ಥ, ಅವತ್ತೇ ಪಾನಾ ಹಚ್ಚಿ.