ಮುರಿಯುವುದು ಬೋಲ್ಟಲ್ಲ, ಅಂಚು

ಬಾಲ್ಕನಿಗೆ ರೇಲಿಂಗ್ ಕೂರಿಸುವವರು ಸ್ಲ್ಯಾಬಿನ ಅಂಚಿನಿಂದ ಎರಡೇ ಇಂಚು ಒಳಗೆ ಡ್ರಿಲ್ ಹಿಡಿಯುತ್ತಾರೆ. ಬೋಲ್ಟು ದಪ್ಪಗಿದ್ದರೆ ಸಾಕೆಂಬ ನಂಬಿಕೆ. ಆದರೆ ಶಿಯರ್, ಅಂದರೆ ಬೋಲ್ಟನ್ನು ಅಂಚಿನತ್ತ ಅಡ್ಡಕ್ಕೆ ತಳ್ಳುವ ಬಲ, ಮಿತಿ ಮೀರಿದಾಗ ಬೋಲ್ಟಿಗೆ ಏನೂ ಆಗಿರುವುದಿಲ್ಲ. ಅದರ ಮುಂದಿನ ಕಾಂಕ್ರೀಟು ಉದ್ದಕ್ಕೆ ಸೀಳಿದ ಆಲಿಕೆಯಂತೆ ಕಳಚಿ ಬೀಳುತ್ತದೆ.

ಇದನ್ನು ಲೆಕ್ಕಕ್ಕೆ ಇಳಿಸಲೇಬೇಕಾದ ಒತ್ತಡ ಮೊದಲು ಬಂದದ್ದು ಅಮೆರಿಕದ ಅಣುಸ್ಥಾವರಗಳಲ್ಲಿ. ಅಲ್ಲಿನ ಎಷ್ಟೋ ಪೈಪುಗಳು ಗೋಡೆಗೆ ಬಿಗಿದ ಬೇಸ್ ಪ್ಲೇಟುಗಳ, ಅಂದರೆ ಉಕ್ಕಿನ ತಗಡುಗಳ, ಮೇಲೆಯೇ ನಿಂತಿದ್ದವು. ಆ ಪ್ಲೇಟುಗಳನ್ನೂ ರಂಧ್ರದೊಳಗೆ ಹಿಗ್ಗಿ ಕಚ್ಚಿಕೊಳ್ಳುವ ಅವುಗಳ ಎಕ್ಸ್‌ಪ್ಯಾನ್ಷನ್ ಬೋಲ್ಟುಗಳನ್ನೂ ಮರುಪರಿಶೀಲಿಸಿ ಎಂದು ಅಣು ನಿಯಂತ್ರಣ ಆಯೋಗ 1979ರಲ್ಲಿ ಸೂಚಿಸಿತು. ಅಣುಸ್ಥಾವರಗಳ ಕಾಂಕ್ರೀಟಿಗೆ ಅಮೆರಿಕನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟ್ (ಎಸಿಐ) ಬರೆದ ಆಗಿನ ಎಸಿಐ 349 ಸಂಹಿತೆಯ ಲೆಕ್ಕ ಸರಳ: ಬೋಲ್ಟಿನಿಂದ 45 ಡಿಗ್ರಿಯಲ್ಲಿ ಹರಡುವ ಅರ್ಧ ಶಂಕು, ಅದರ ಮೈಯೆಲ್ಲ ಒಂದೇ ಹದದಲ್ಲಿ ಎಳೆತ ತಡೆಯುತ್ತದೆ. ಹಾಗಾದರೆ ಅಂಚಿನ ದೂರ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು.

ಕಾಂಕ್ರೀಟು ಹಾಗೆ ಒಟ್ಟಿಗೆ ಬಿಡುವ ವಸ್ತುವಲ್ಲ. ಬಟ್ಟೆಗೆ ಕತ್ತರಿ ತಾಗಿಸಿ ಎಳೆದಂತೆ, ಬಿರುಕು ಬೋಲ್ಟಿನ ಬುಡದಲ್ಲಿ ಹುಟ್ಟಿ ಮುಂದಕ್ಕೆ ಓಡುತ್ತದೆ. ತುಂಡು ದೊಡ್ಡದಾದಷ್ಟೂ ಪ್ರತಿ ಚದರ ಇಂಚಿಗೆ ಸಿಗುವ ಬಲ ಇಳಿಯುತ್ತದೆ. ಜರ್ಮನಿಯ ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದಲ್ಲಿ ರಾಲ್ಫ್ ಎಲಿಗೆಹೌಸನ್ ಮತ್ತು ಸಂಗಡಿಗರ ಪರೀಕ್ಷೆಗಳಲ್ಲಿ ಕಂಡದ್ದೂ ಇದೇ. ಬಲ ದೂರದ ವರ್ಗದಂತೆ ಏರುವುದಿಲ್ಲ, ಒಂದೂವರೆ ಘಾತದಂತೆ ಏರುತ್ತದೆ. ದೂರ ಆರು ಪಟ್ಟಾದರೆ ಹಳೆಯ ಸೂತ್ರ 36 ಪಟ್ಟು ಬಲ ಕೊಡುತ್ತಿತ್ತು. ನಿಜಕ್ಕೆ ಸಿಗುವುದು 15 ಪಟ್ಟಿಗೂ ಕಡಿಮೆ. ದೂರ ಹೆಚ್ಚಿದಷ್ಟೂ ಲೆಕ್ಕ ಸುರಕ್ಷಿತ ಅಂದುಕೊಂಡವರು ಅಲ್ಲೇ ಎಡವುತ್ತಿದ್ದರು.

1995ರಲ್ಲಿ ವೆರ್ನರ್ ಫುಕ್ಸ್, ಎಲಿಗೆಹೌಸನ್ ಮತ್ತು ಟೆಕ್ಸಾಸಿನ ಜಾನ್ ಬ್ರೀನ್ ಸೇರಿ ಹೊಸ ವಿಧಾನ ಮಂಡಿಸಿದರು. ಬಿರುಕಿನ ಕೋನ ಸುಮಾರು 35 ಡಿಗ್ರಿ. ಕಳಚುವ ತುಂಡನ್ನು ಅಂಚಿನ ಮುಖದಲ್ಲಿ ದೂರದ ಮೂರು ಪಟ್ಟು ಅಗಲ, ಒಂದೂವರೆ ಪಟ್ಟು ಆಳದ ಆಯತವೆಂದು ಹಿಡಿದರು. ಈ ಪದ್ಧತಿ ಗೆದ್ದದ್ದು ಘಾತಕ್ಕಿಂತ ಹೆಚ್ಚಾಗಿ ಈ ಆಯತದಿಂದ ಎಂದು ನನಗನಿಸುತ್ತದೆ. ಅಕ್ಕಪಕ್ಕದ ಬೋಲ್ಟುಗಳ ಶಂಕುಗಳು ಒಂದರೊಳಗೊಂದು ಹೊಕ್ಕಾಗ ವೃತ್ತಖಂಡಗಳ ಕ್ಷೇತ್ರಫಲ ತೆಗೆಯುವುದು ತಲೆನೋವು. ಆಯತವಾದರೆ ಚೀಟಿಯ ಹಿಂದೆಯೇ ಗುಣಿಸಬಹುದು. 2002ರಲ್ಲಿ ಇದು ಸಾಮಾನ್ಯ ಕಟ್ಟಡಗಳ ಸಂಹಿತೆಯಾದ ಎಸಿಐ 318ರ ಅನುಬಂಧ ಡಿ ಆಯಿತು, 2014ರಲ್ಲಿ 17ನೇ ಅಧ್ಯಾಯ.

ಇದೇ ಸೂತ್ರಕ್ಕೆ ನಮ್ಮ ರೇಲಿಂಗಿನ ಬೋಲ್ಟನ್ನು ಹಾಕಿ ನೋಡಿ: 12 ಮಿಮೀ ದಪ್ಪ, 8.8 ದರ್ಜೆಯ ಗಟ್ಟಿ ಉಕ್ಕು, ಸುಮಾರು 100 ಮಿಮೀ ಆಳ, ಸಿಲಿಂಡರ್ ಆಕಾರದ ಮಾದರಿಯನ್ನು ಒತ್ತಿ ಅಳೆದ ಬಲ 20 ಎಂಪಿಎ (ಮೆಗಾಪಾಸ್ಕಲ್) ಇರುವ ಬಿರುಕುಬಿಟ್ಟ ಕಾಂಕ್ರೀಟು. ಉಕ್ಕು ಸುಮಾರು 40 ಕಿಲೋನ್ಯೂಟನ್ ತಾಳುತ್ತದೆ. ಅಂಚು 50 ಮಿಮೀ ದೂರದಲ್ಲಿದ್ದರೆ ಕಾಂಕ್ರೀಟು ತಾಳುವುದು ಬರೀ 5. ದೂರ 100 ಮಿಮೀ ಆದರೆ 14. ಸುರಕ್ಷತೆಯ ಕಡಿತ ಇನ್ನೂ ಬಾಕಿ.

ಬೋಲ್ಟನ್ನು ಸುತ್ತುವರಿದು ಒಳಕ್ಕೆ ಹೋಗುವ ಯು ಆಕಾರದ ಕಂಬಿ ಕಟ್ಟಿದರೆ ಈ ಬಲವನ್ನು ಕಂಬಿ ಹೊರುತ್ತದೆ. ಅದನ್ನು ಕಾಂಕ್ರೀಟು ಸುರಿಯುವ ಮೊದಲೇ ಕಟ್ಟಿರಬೇಕು. ಆಮೇಲೆ ಡ್ರಿಲ್ ಹಿಡಿದು ಬಂದವನಿಗೆ ರಂಧ್ರವನ್ನು ನಾಲ್ಕು ಬೆರಳು ಒಳಗೆ ಸರಿಸುವುದೊಂದೇ ಸುಲಭದ ದಾರಿ.